ಕೈಲೇಸರ್ ವೆಲ್ಡಿಂಗ್ ಯಂತ್ರ: ಕಾರವಾರದ ಉಪ್ಪುಗಾಳಿಯಲ್ಲಿ ಬಳಸಿ ನೋಡಿದ ಮೇಲೆ

ಮೊದಲು ತೀರ್ಪನ್ನೇ ಹೇಳಿಬಿಡುತ್ತೇನೆ. ತೆಳು ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಕೆಲಸ ನಿಮ್ಮ ವರ್ಕ್‌ಶಾಪಿಗೆ ದಿನವೂ ಬರುತ್ತಿದ್ದರೆ 1500 ವ್ಯಾಟ್‌ನ ಕೈಲೇಸರ್ ವೆಲ್ಡಿಂಗ್ ಯಂತ್ರವನ್ನು ಧೈರ್ಯವಾಗಿ ಕೊಳ್ಳಿ, ಹಾಕಿದ ಹಣಕ್ಕೆ ಮೋಸವಿಲ್ಲ. ಆದರೆ ಬಾಗಿಲು ಹಾಕಿಕೊಂಡು ಕೆಲಸ ಮಾಡಬಲ್ಲ ಪ್ರತ್ಯೇಕ ಕೋಣೆ ಇಲ್ಲದಿದ್ದರೆ, ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಈ ಎರಡನೆಯ ಮಾತನ್ನು ಮಾರಲು ಬಂದವರು ಯಾರೂ ನನಗೆ ಹೇಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ವರ್ಕ್‌ಶಾಪ್ ಇರುವುದು ಬೈತಖೋಲ ಬಂದರಿನ ಹತ್ತಿರ. ಬೋಟಿನ ಡೀಸೆಲ್ ಟ್ಯಾಂಕು, ಹೊಗೆ ಕೊಳವೆ, ಮೀನು ಕತ್ತರಿಸುವ ಮೇಜು, ಐಸ್ ಪೆಟ್ಟಿಗೆಯ ಒಳತಗಡು, ಮನೆಗಳ ರೇಲಿಂಗ್ ಇವೇ ನಮ್ಮ ಹೊಟ್ಟೆಪಾಡು. ಐಟಿಐ ಮುಗಿಸಿ ಕಡ್ಡಿ ವೆಲ್ಡಿಂಗಿನಿಂದ ಶುರುಮಾಡಿ, ಆಮೇಲೆ ಆರ್ಗಾನ್ ವೆಲ್ಡಿಂಗ್ ಕಲಿತು, ಈಗ ಲೇಸರಿಗೆ ಬಂದಿದ್ದೇನೆ. ಯಂತ್ರಕ್ಕೆ ನಾಲ್ಕೈದು ಲಕ್ಷ ಹಾಕಬೇಕಾಯಿತು. ಕಂಪನಿಯ ಹೆಸರನ್ನೂ ಮಾರಿದವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾದದ್ದು ಒಂದು ಕಂಪನಿಯ ಬಗ್ಗೆ ಅಲ್ಲ, ಈ ಬಗೆಯ ಯಂತ್ರದ ಬಗ್ಗೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. 2025ರ ಏಪ್ರಿಲ್ 13ರಂದು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಕರ್ನೂಲಿನ ತೆರೆದ ಬಯಲಿನಲ್ಲಿ 30 ಕಿಲೋವ್ಯಾಟ್ ಲೇಸರ್ ಅಸ್ತ್ರವನ್ನು ಪರೀಕ್ಷಿಸಿ, ರೆಕ್ಕೆಯುಳ್ಳ ಡ್ರೋನನ್ನೂ ಡ್ರೋನ್‌ಗಳ ಹಿಂಡನ್ನೂ ಹೊಡೆದುರುಳಿಸಿದ ಸುದ್ದಿ ಬಂತಲ್ಲ, ಅಂದಿನಿಂದ ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಟ್ಯಾಂಕ್ ರಿಪೇರಿಗೆ ಬಂದ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, ಯಂತ್ರದ ಸುತ್ತ ಒಂದು ಸುತ್ತು ಹಾಕಿ, "ಅಣ್ಣಾ, ಡ್ರೋನ್ ಸುಟ್ಟ ಲೇಸರ್ ಇದೇ ಅಲ್ಲವೇ?" ಎಂದರು. ಅರಗಾದಲ್ಲಿ ನೌಕಾನೆಲೆ ಇಟ್ಟುಕೊಂಡ ಊರು ನಮ್ಮದು. ಇಂಥ ಪ್ರಶ್ನೆ ಇಲ್ಲಿ ಬರಿಯ ಕುತೂಹಲದ್ದಲ್ಲ. ಮನೆಗೊಬ್ಬರಂತೆ ಯಾರಾದರೂ ನೌಕಾದಳದ ಕೆಲಸದಲ್ಲಿರುತ್ತಾರೆ, ಇಲ್ಲವೇ ಅದಕ್ಕೆ ಜಮೀನು ಬಿಟ್ಟುಕೊಟ್ಟವರಾಗಿರುತ್ತಾರೆ. ಹಾಗಾಗಿ ತಾಂಡೇಲರಿಗೆ ಕೊಟ್ಟ ಉತ್ತರವನ್ನೂ ಇದರಲ್ಲಿ ಸೇರಿಸಿದ್ದೇನೆ.

ಉತ್ತರ ಇಷ್ಟು: ಅದೇ ಯಂತ್ರವಲ್ಲ, ಆದರೆ ಅದೇ ಕುಲದ್ದು. ನನ್ನ ಯಂತ್ರದ ಪೆಟ್ಟಿಗೆಯೊಳಗೆ ಯಿಟರ್ಬಿಯಂ ಎಂಬ ಧಾತು ಬೆರೆಸಿದ ಗಾಜಿನ ಎಳೆ, ಅಂದರೆ ಫೈಬರ್, ಸುರುಳಿ ಸುತ್ತಿಕೊಂಡಿದೆ. ಡಯೋಡುಗಳು ಅದರೊಳಗೆ ಬೆಳಕು ತುಂಬುತ್ತವೆ, ಎಳೆಯಿಂದ ಸುಮಾರು 1080 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು ಹೊರಬರುತ್ತದೆ. ಅಮೆರಿಕದ ನೌಕಾದಳ 2014ರಲ್ಲಿ ಪೋನ್ಸ್ ಎಂಬ ಹಡಗಿನ ಮೇಲೆ ಕೂರಿಸಿ ಪರ್ಷಿಯನ್ ಕೊಲ್ಲಿಗೆ ಕಳುಹಿಸಿದ ಲೇಸರ್ ಅಸ್ತ್ರದ ಹೊಟ್ಟೆಯಲ್ಲಿದ್ದದ್ದು ಕಾರ್ಖಾನೆಗಳಲ್ಲಿ ವೆಲ್ಡಿಂಗಿಗೆ ಬಳಸುವ ಇಂಥವೇ ಆರು ಫೈಬರ್ ಲೇಸರ್‌ಗಳು. ಒಂದೊಂದು 5.5 ಕಿಲೋವ್ಯಾಟ್‌ನವು, ಆರರ ಕಿರಣಗಳನ್ನೂ ಒಂದೇ ಗುರಿಯ ಮೇಲೆ ಬೀಳುವಂತೆ ಜೋಡಿಸಿದ್ದರು. ಅದು ಡ್ರೋನನ್ನು ಕೆಡವಿತು, ಸಣ್ಣ ದೋಣಿಯ ಮೇಲಿಟ್ಟ ಗುರಿಯನ್ನು ಸುಟ್ಟಿತು. ಒಂದು ಹೊಡೆತಕ್ಕೆ ತಗಲುವ ವಿದ್ಯುತ್ತಿನ ಖರ್ಚು ಒಂದು ಡಾಲರಿಗಿಂತ ಕಡಿಮೆ ಎಂದು ಅವರ ನೌಕಾದಳವೇ ಹೇಳಿಕೊಂಡಿತ್ತು. ವೆಲ್ಡಿಂಗ್ ಮಾಡುವವರ ಉಪಕರಣ ಯುದ್ಧನೌಕೆ ಹತ್ತಿದ ಈ ಸಂಗತಿ ನನಗೆ ಹೆಮ್ಮೆಯದ್ದು, ಮುಚ್ಚಿಡುವುದಿಲ್ಲ.

ಈಗ ಕೆಲಸದ ಮಾತು. ಒಂದು ಮಿಲಿಮೀಟರ್ ದಪ್ಪದ, 304 ದರ್ಜೆಯ ಸ್ಟೇನ್‌ಲೆಸ್ ತಗಡಿನಲ್ಲಿ ಮೀನು ಕತ್ತರಿಸುವ ಮೇಜು ಮಾಡುವಾಗ ಆರ್ಗಾನ್ ವೆಲ್ಡಿಂಗಿನಲ್ಲಿ ನಮಗಿದ್ದ ದೊಡ್ಡ ತಲೆನೋವು ತಗಡು ಸೊಟ್ಟಗಾಗುವುದು. ಮೂಲೆ ಕೂಡಿಸುವಷ್ಟರಲ್ಲಿ ನಡುಭಾಗ ಉಬ್ಬಿಕೊಂಡು, ಮೇಜಿನ ಮೇಲೆ ನೀರು ನಿಲ್ಲುತ್ತಿತ್ತು. ಲೇಸರಿನಲ್ಲಿ ಆ ಕಾಟವಿಲ್ಲ. ಕಿರಣ ಹೊರಬರುವ, ಕೈಯಲ್ಲಿ ಹಿಡಿಯುವ ಗನ್ನಿನ ತಾಮ್ರದ ಮೂತಿಯನ್ನು ಮೂಲೆಗೆ ಒತ್ತಿ ಹಿಡಿದು ಎಳೆಯುತ್ತಾ ಹೋದರೆ ಸಾಕು. ಒಳಗಿನ ಪುಟ್ಟ ಕನ್ನಡಿ ಕಿರಣವನ್ನು ಎಡಬಲಕ್ಕೆ ಅಲುಗಿಸುತ್ತಾ ಎರಡು ಮೂರು ಮಿಲಿಮೀಟರ್ ಅಗಲದ ಜೋಡಣೆ ಹಾಕುತ್ತದೆ, ಅದರ ಮೇಲೆ ಬಂಗಡೆಯ ಹುರುಪೆಯಂಥ ಸಣ್ಣ ಸಣ್ಣ ಪದರಗಳು ಮೂಡುತ್ತವೆ. ಶಾಖ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಕೆಲಸ ಮುಗಿದಿರುತ್ತದೆ. ಜೋಡಣೆಯಿಂದ ನಾಲ್ಕು ಬೆರಳು ಆಚೆ ಕೈ ಇಟ್ಟರೆ ಬೆಚ್ಚಗಿರುತ್ತದೆ, ಅಷ್ಟೇ. ಆರ್ಗಾನಿನಲ್ಲಿ ಮಧ್ಯಾಹ್ನದವರೆಗೆ ಎಳೆಯುತ್ತಿದ್ದ ಕೆಲಸ ಬೆಳಗಿನ ಚಹಾ ಹೊತ್ತಿಗೆ ಆಗಿಹೋಗುತ್ತದೆ. ಜೋಡಣೆಯ ಪಕ್ಕದಲ್ಲಿ ಉಳಿಯುವ ಹೊಂಬಣ್ಣದ, ನೀಲಿಬಣ್ಣದ ಕಲೆಯನ್ನು ಮಾತ್ರ ಉಜ್ಜಿ ತೆಗೆದು ಆಮ್ಲದ ಲೇಪ ಹಚ್ಚಿ ತೊಳೆಯಲೇಬೇಕು. ಬಿಟ್ಟರೆ ನಮ್ಮ ಕಡಲಗಾಳಿಯಲ್ಲಿ ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಬೋಟಿನ ಮೇಲೆ ಇರುವಂಥದ್ದಾದರೆ 304 ಬೇಡ, ಮಾಲಿಬ್ಡಿನಮ್ ಇರುವ 316 ತಗಡನ್ನೇ ಕೇಳಿ.

ದಪ್ಪ ತಗಡಿಗೆ ಇದು ಆಗದು. ಸ್ಟೇನ್‌ಲೆಸ್‌ನಲ್ಲಿ ಮೂರು ಮಿಲಿಮೀಟರ್ ದಾಟಿದರೆ ನಾನು ಹಳೆಯ ಆರ್ಗಾನಿಗೇ ಹೋಗುತ್ತೇನೆ. ಎರಡು ತಗಡುಗಳ ನಡುವೆ ಸಂದು ಇದ್ದರೆ ಕಿರಣ ಸಂದಿನಲ್ಲೇ ತೂರಿಹೋಗುತ್ತದೆ. ಹಾಗಾಗಿ ಕತ್ತರಿಸುವುದು, ಮಡಚುವುದು ಎಲ್ಲವೂ ಅಚ್ಚುಕಟ್ಟಾಗಿರಬೇಕು. ತಾಮ್ರದ ಕೆಲಸವನ್ನಂತೂ ಒಪ್ಪಿಕೊಳ್ಳುವುದೇ ಇಲ್ಲ. ಶಿರಸಿ ಕಡೆಯ ತೋಟಿಗರೊಬ್ಬರು ಅಡಿಕೆ ಬೇಯಿಸುವ ತಾಮ್ರದ ಹಂಡೆಯನ್ನು ಘಟ್ಟ ಇಳಿಸಿ ತಂದಿದ್ದರು. ಈ ಅಲೆಯುದ್ದದ ಬೆಳಕಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲನ್ನು ಹೊಳೆಯುವ ತಾಮ್ರ ಹಿಂದಕ್ಕೆ ಎಸೆಯುತ್ತದೆ. ಹಾಗೆ ಎಸೆದದ್ದು ಗನ್ನಿನೊಳಗೆ ಮರಳಿ ಹೋದರೆ ಯಂತ್ರದ ಮೂಲಕ್ಕೇ ಪೆಟ್ಟು, ಕೋಣೆಯೊಳಗೆ ಚದುರಿದರೆ ಕಣ್ಣಿಗೆ ಪೆಟ್ಟು. ಹಂಡೆಯನ್ನು ಹಿತ್ತಾಳೆ ಬೆಸುಗೆ ಹಾಕಿ ಕೊಟ್ಟು ಕಳುಹಿಸಿದೆ. ಅವರ ಜೊತೆ ಬಂದಿದ್ದ ಹುಡುಗ ಕೇಳಿದ ಪ್ರಶ್ನೆ ಬಹಳ ಒಳ್ಳೆಯದಿತ್ತು: "ಹಾಗಾದರೆ ಡ್ರೋನಿಗೆ ಕನ್ನಡಿ ಅಂಟಿಸಿದರೆ ಲೇಸರ್ ಏನೂ ಮಾಡಲಾರದಲ್ಲ ಮಾಮಾ?" ಸ್ವಲ್ಪ ಹೊತ್ತು ತಡೆಯಬಹುದು. ಆದರೆ ಕನ್ನಡಿಯ ಮೇಲೆ ಧೂಳು, ಉಪ್ಪು, ಎಣ್ಣೆ ಕೂತ ಜಾಗ ಮೊದಲು ಬಿಸಿಯಾಗುತ್ತದೆ, ಬಿಸಿಯಾದ ಜಾಗ ಇನ್ನೂ ಹೆಚ್ಚು ಹೀರುತ್ತದೆ, ಅಲ್ಲಿಂದ ಮುಂದೆ ಕನ್ನಡಿ ಉಳಿಯುವುದಿಲ್ಲ. ಜೊತೆಗೆ ಡ್ರೋನಿಗೊಂದು ಕ್ಯಾಮೆರಾ ಬೇಕಲ್ಲ, ಅದರ ಕಣ್ಣನ್ನು ಮುಚ್ಚುವಂತಿಲ್ಲ.

ಇನ್ನು ಈ ಯಂತ್ರದ ನಿಜವಾದ ಪರೀಕ್ಷೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿರುತ್ತವೆ, ರಿಪೇರಿಯೆಲ್ಲ ಆ 61 ದಿನಗಳಲ್ಲೇ ಆಗಬೇಕು. ವರ್ಷದ ಅತಿ ಹೆಚ್ಚು ಕೆಲಸ ಬರುವ ಹೊತ್ತೂ ಅದೇ, ಗಾಳಿಯಲ್ಲಿ ಅತಿ ಹೆಚ್ಚು ನೀರಿರುವ ಹೊತ್ತೂ ಅದೇ. ಲೇಸರಿಗೆ ಇದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ.

ಯಾಕೆಂದು ಹೇಳುತ್ತೇನೆ. ಒಳಹೋದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಬೆಳಕಾಗುತ್ತದೆ, ಉಳಿದದ್ದು ಶಾಖ. ಆ ಶಾಖವನ್ನು ಹೊರಹಾಕಲು ಪಕ್ಕದಲ್ಲೊಂದು ಚಿಲ್ಲರ್ ಇರುತ್ತದೆ, ತಂಪು ನೀರು ಒಳಗೆ ಹರಿಯುತ್ತಲೇ ಇರುತ್ತದೆ. ಯಂತ್ರ ಕೂರಿಸಲು ಬಂದ ತಂತ್ರಜ್ಞ ಚಿಲ್ಲರಿನ ನೀರನ್ನು 22 ಡಿಗ್ರಿಗೆ ಇಟ್ಟು ಹೋಗಿದ್ದ. ಒಳನಾಡಿನ ಒಣ ಊರಿಗೆ ಅದು ಸರಿ. ಇಲ್ಲಿ ಮಳೆಗಾಲದ ದಿನ 29 ಡಿಗ್ರಿ ಬಿಸಿ, ಶೇಕಡಾ 90 ತೇವಾಂಶ ಇದ್ದರೆ, ಸುಮಾರು 27 ಡಿಗ್ರಿಗಿಂತ ತಂಪಾಗಿರುವ ಯಾವ ವಸ್ತುವಿನ ಮೇಲಾದರೂ ನೀರಹನಿ ಕೂರುತ್ತದೆ. ಮಳೆ ಹಿಡಿದ ಮೊದಲ ವಾರದಲ್ಲೇ ನೀರಿನ ಕೊಳವೆ ಬೆವರತೊಡಗಿತು. ಗನ್ನಿನ ಮುಂದಿನ ರಕ್ಷಣಾ ಗಾಜನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ನಡುವೆ ಮಬ್ಬು. ಇನ್ನೊಂದು ಗಾಜಿನಲ್ಲಿ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆ, ಅದರಿಂದ ಹೊರಟ ಕೂದಲೆಳೆಯಂಥ ಬಿರುಕು. ತೇವಕ್ಕೆ ಅಂಟಿದ ಧೂಳಿನ ಕಣ ಅಲ್ಲೇ ಬೆಂದು, ಆ ಕಲೆ ಕಿರಣವನ್ನು ಹೀರಿ, ಗಾಜನ್ನೇ ಒಡೆದಿತ್ತು. ಫೋನ್ ಮಾಡಿದರೆ "ಗಾಜು ಬದಲಿಸಿ, ಗಾಜು ವಾರಂಟಿಯಲ್ಲಿ ಬರುವುದಿಲ್ಲ" ಎಂಬ ಉತ್ತರ ಬಂತು. ಕರಾವಳಿಗೆ ಯಂತ್ರ ಮಾರುವವರು ಇಬ್ಬನಿಯ ಲೆಕ್ಕ ಗೊತ್ತಿಲ್ಲದೆ ಮಾರಬಾರದು. ಇದು ನನ್ನ ಖಂಡಿತವಾದ ದೂರು.

ಪರಿಹಾರ ಇದೆ. ಲೇಸರ್ ಪೆಟ್ಟಿಗೆಯನ್ನೂ ಚಿಲ್ಲರಿನ ಕೊಳವೆಗಳು ಸೇರುವ ಜಾಗವನ್ನೂ ಒಂದು ಸಣ್ಣ ಎ.ಸಿ. ಕೋಣೆಯಲ್ಲಿಟ್ಟು, ಫೈಬರ್ ಕೇಬಲನ್ನು ಗೋಡೆಯ ತೂತಿನಿಂದ ವೆಲ್ಡಿಂಗ್ ಕೋಣೆಗೆ ತಂದುಕೊಂಡೆ. ವೆಲ್ಡಿಂಗ್ ಕೋಣೆಯಲ್ಲಿ ಹೊಗೆ ಎಳೆಯುವ ಫ್ಯಾನ್ ಬೇಕೇ ಬೇಕು, ಅದು ಹೊರಗಿನ ಹಸಿಗಾಳಿಯನ್ನು ಒಳಗೆಳೆಯುತ್ತದೆ. ಆದ್ದರಿಂದ ಎರಡನ್ನೂ ಒಂದೇ ಕೋಣೆಯಲ್ಲಿಡಲಾಗದು. ಗನ್ನಿನ ಕಡೆ ಹೋಗುವ ನೀರನ್ನು ಮಳೆಗಾಲದಲ್ಲಿ 28 ಡಿಗ್ರಿಗೆ ಏರಿಸುತ್ತೇನೆ. ಗಾಜು ಬದಲಿಸುವಾಗ ಫ್ಯಾನ್ ನಿಲ್ಲಿಸಿ, ಕೈತೊಳೆದು, ಗನ್ನಿನ ಬಾಯಿಯನ್ನು ಮೇಲಕ್ಕಲ್ಲ, ಅಡ್ಡಲಾಗಿ ಹಿಡಿದು, ತೆರೆದ ಸಂದಿಗೆ ಕೂಡಲೇ ಟೇಪ್ ಅಂಟಿಸುತ್ತೇನೆ. ಅಂದಿನಿಂದ ಗಾಜುಗಳು ಬಾಳಿಕೆ ಬರುತ್ತಿವೆ.

ತಾಂಡೇಲರಿಗೆ ಇದನ್ನೆಲ್ಲ ತೋರಿಸಿ ಹೇಳಿದೆ: ಒಂದೂವರೆ ಕಿಲೋವ್ಯಾಟಿಗೇ ಈ ಪಾಡಾದರೆ 30 ಕಿಲೋವ್ಯಾಟಿಗೆ ಎಷ್ಟಿರಬೇಡ? ಇದೇ ಲೆಕ್ಕದಲ್ಲಿ ಅದಕ್ಕೆ 90 ಕಿಲೋವ್ಯಾಟ್ ವಿದ್ಯುತ್ ಬೇಕು, ಅದರಲ್ಲಿ 60 ಕಿಲೋವ್ಯಾಟ್ ಶಾಖವನ್ನು ಹೊಡೆಯುತ್ತಿರುವಾಗಲೇ ಹೊರಹಾಕಬೇಕು. ಅದನ್ನು ಲಾರಿಯ ಮೇಲೆ, ಹಡಗಿನ ಮೇಲೆ, ಅಲುಗಾಟದ ನಡುವೆ ಮಾಡಬೇಕು. ಲೇಸರ್ ಅಸ್ತ್ರ ಎಂದರೆ ಬೆಳಕಿಗಿಂತ ಮೊದಲು ಒಂದು ದೊಡ್ಡ ಚಿಲ್ಲರ್ ಎಂದು ನಾನು ನಂಬುತ್ತೇನೆ. ಹೈದರಾಬಾದಿನಲ್ಲಿರುವ ಡಿಆರ್‌ಡಿಒದ ಚೆಸ್ ಪ್ರಯೋಗಾಲಯದವರು ಇದನ್ನು ವಾಹನದ ಮೇಲೆ ಕೂರಿಸಿ ತೋರಿಸಿದ್ದಾರೆ. ಅವರ ಕೆಲಸದ ಬೆಲೆ ಕಿಲೋವ್ಯಾಟಿನ ಅಂಕಿ ನೋಡಿದವರಿಗಿಂತ ಚಿಲ್ಲರ್ ತೊಳೆದವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ ಮಾಡಿದಾಗ ನನಗೇ ಆಶ್ಚರ್ಯವಾಯಿತು. ನನ್ನ ಗನ್ನಿನ ಕಿರಣ ತಗಡಿನ ಮೇಲೆ ಮಿಲಿಮೀಟರಿನ ಹತ್ತನೇ ಎರಡರಷ್ಟು ಅಗಲದ ಚುಕ್ಕೆಯಾಗಿ ಬೀಳುತ್ತದೆ. 1500 ವ್ಯಾಟ್ ಅಷ್ಟು ಜಾಗಕ್ಕೆ ಬಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 48 ಲಕ್ಷ ವ್ಯಾಟ್ ಆಯಿತು. 30 ಕಿಲೋವ್ಯಾಟ್ ಅಸ್ತ್ರದ ಕಿರಣ ದೂರದ ಡ್ರೋನಿನ ಮೇಲೆ ಹತ್ತು ಸೆಂಟಿಮೀಟರ್ ಅಗಲಕ್ಕೆ ಹರಡಿತೆಂದು ಹಿಡಿದರೆ ಚದರ ಸೆಂಟಿಮೀಟರಿಗೆ ಬರುವುದು ಸುಮಾರು 380 ವ್ಯಾಟ್. ಚುಕ್ಕೆಯ ತೀವ್ರತೆಯಲ್ಲಿ ನನ್ನ ಗನ್ನೇ ಸಾವಿರಾರು ಪಟ್ಟು ಮುಂದೆ! ಆದರೆ ಅದು ಮೂತಿಯ ತುದಿಯಲ್ಲಿ ಮಾತ್ರ. ಕಿರಣವನ್ನು ದೂರದಲ್ಲಿ ಚಿಕ್ಕದಾಗಿ ಕೂಡಿಸಲು ದೊಡ್ಡ ಕನ್ನಡಿ ಬೇಕು. ಎಷ್ಟೇ ಒಳ್ಳೆಯ ಕನ್ನಡಿ ಇದ್ದರೂ ದೂರ ಹೆಚ್ಚಿದಷ್ಟೂ ಚುಕ್ಕೆ ಅಗಲವಾಗುತ್ತದೆ, ಅದು ಬೆಳಕಿನ ನಿಯಮ. 380 ವ್ಯಾಟಿಗೆ ಪ್ಲಾಸ್ಟಿಕ್, ಫೈಬರ್ ಮೈ ಸುಡುತ್ತದೆ, ಆದರೆ ಕೆಲವು ಸೆಕೆಂಡು ಬೇಕು. ಹಾರುತ್ತಿರುವ ಡ್ರೋನಿನ ಮೇಲೆ ಒಂದೇ ಜಾಗದಲ್ಲಿ ಆ ಕೆಲವು ಸೆಕೆಂಡು ಚುಕ್ಕೆಯನ್ನು ಅಲುಗದಂತೆ ಹಿಡಿಯಬೇಕು. ಮೇಜಿನ ಮೇಲೆ ಮಲಗಿರುವ ತಗಡಿನಲ್ಲೇ ಕೈ ನಡುಗಿದರೆ ಜೋಡಣೆ ಕೆಡುತ್ತದೆ. ಸಮುದ್ರದ ಅಲೆಯ ಮೇಲೆ ನಿಂತು ಆಕಾಶದಲ್ಲಿ ಅದನ್ನು ಮಾಡುವ ಕ್ಯಾಮೆರಾ, ಕನ್ನಡಿ, ಲೆಕ್ಕಾಚಾರ ಇವೇ ಈ ಸಂಶೋಧನೆಯ ತಿರುಳು.

ನಡುವಿನ ಗಾಳಿಯೂ ಸುಮ್ಮನಿರುವುದಿಲ್ಲ. ಮಂಜು, ಮಳೆ, ಉಪ್ಪಿನ ಕಣ ಕಿರಣವನ್ನು ಚದುರಿಸುತ್ತವೆ. ಶಕ್ತಿ ಹೆಚ್ಚಿಸಿದರೆ ದಾರಿಯ ಗಾಳಿಯೇ ಕಾದು ಮಸೂರದಂತೆ ವರ್ತಿಸಿ ಕಿರಣವನ್ನು ಇನ್ನಷ್ಟು ಹರಡುತ್ತದೆ. ಅಮೆರಿಕದವರು ಬೋಯಿಂಗ್ 747 ವಿಮಾನದಲ್ಲಿ ರಾಸಾಯನಿಕ ಲೇಸರ್ ಇಟ್ಟು 2010ರ ಫೆಬ್ರುವರಿಯಲ್ಲಿ ಹಾರುವ ಕ್ಷಿಪಣಿಯನ್ನೇ ಹೊಡೆದುರುಳಿಸಿದರು, ಆದರೂ 2011ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ಒಂದು ಹೊಡೆತ ಯಶಸ್ವಿಯಾಗುವುದು ಬೇರೆ, ದಿನವೂ ನೆಚ್ಚಿಕೊಳ್ಳುವ ಉಪಕರಣವಾಗುವುದು ಬೇರೆ. ನಮ್ಮ ಜುಲೈ ತಿಂಗಳ ಮಳೆ ಪರದೆಯ ಆಚೆಗೆ ಲೇಸರ್ ಕೆಲಸ ಮಾಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅದಕ್ಕೇ ಯಾವ ದೇಶವೂ ಲೇಸರೊಂದನ್ನೇ ನಂಬಿ ಕೂರುವುದಿಲ್ಲ. ನಮ್ಮ ನೌಕಾದಳ 2021ರ ಆಗಸ್ಟ್‌ನಲ್ಲಿ ಸರ್ಕಾರಿ ರಕ್ಷಣಾ ಕಂಪನಿ ಬಿಇಎಲ್ ಜೊತೆ ಡ್ರೋನ್ ತಡೆ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡಾಗಲೂ ರೇಡಾರಿನಿಂದ ಕಂಡುಹಿಡಿದು, ಡ್ರೋನಿನ ಸಂಪರ್ಕವನ್ನು ಜಾಮರಿನಿಂದ ಕಡಿದು, ಬೇಕಾದರೆ ಲೇಸರಿನಿಂದ ಸುಡುವ ಮೂರೂ ಅದರಲ್ಲಿದ್ದವು. 2025ರ ಆಗಸ್ಟ್ 23ರಂದು ಒಡಿಶಾ ಕರಾವಳಿಯಲ್ಲಿ ನಡೆದ ವಾಯುರಕ್ಷಣಾ ಪರೀಕ್ಷೆಯಲ್ಲಿ ಲೇಸರ್ ಎರಡು ಬಗೆಯ ಕ್ಷಿಪಣಿಗಳ ಜೊತೆಗೇ ನಿಂತಿತ್ತು.

ಮೈಕ್ರೋವೇವ್ ಅಸ್ತ್ರದ ಬಗ್ಗೆಯೂ ಕೇಳುತ್ತಾರೆ. ಅದು ನನ್ನ ಕಸುಬಿನದ್ದಲ್ಲ, ಚಿಕ್ಕದಾಗಿ ಹೇಳುತ್ತೇನೆ. ಬೋಟಿನ ರೇಡಾರಿನಲ್ಲಿರುವ ಮೈಕ್ರೋವೇವನ್ನೇ ಬಹಳ ದೊಡ್ಡ ಪ್ರಮಾಣದಲ್ಲಿ, ಕ್ಷಣಮಾತ್ರದ ಮಿಡಿತವಾಗಿ ಎರಚಿದರೆ ಎದುರಿರುವ ಎಲೆಕ್ಟ್ರಾನಿಕ್ ಹಲಗೆಗಳು ಕೆಡುತ್ತವೆ. ಲೇಸರಿನಂತೆ ಒಂದು ಚುಕ್ಕೆಯನ್ನು ಹಿಡಿದು ನಿಲ್ಲಬೇಕಿಲ್ಲ, ಅಗಲವಾಗಿ ಬೀಳುವುದರಿಂದ ಹಿಂಡಿಗೆ ಒಂದೇ ಏಟು. 2012ರಲ್ಲಿ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಕ್ಷಿಪಣಿಯೊಂದು ಹಾರುತ್ತಾ ಹೋಗಿ ಕಟ್ಟಡಗಳೊಳಗಿನ ಕಂಪ್ಯೂಟರುಗಳನ್ನು ಹೀಗೆಯೇ ಕೆಡಿಸಿತ್ತು. ನಮ್ಮ ಅಣು ಸಂಶೋಧನಾ ಕೇಂದ್ರವಾದ ಬಿಎಆರ್‌ಸಿಯ ಕಾಲಿ 5000 ಎಂಬ ಎಲೆಕ್ಟ್ರಾನ್ ವೇಗವರ್ಧಕವೂ ಇಂಥ ಮೈಕ್ರೋವೇವ್ ಸಂಶೋಧನೆಗೆ ಬಳಕೆಯಾದದ್ದು. ಅದನ್ನು ಬ್ರಹ್ಮಾಸ್ತ್ರವೆಂದು ಮೊಬೈಲಿನಲ್ಲಿ ಬರುವ ಕಥೆಗಳನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಅದು ಪ್ರಯೋಗಾಲಯದ ದೊಡ್ಡ ಯಂತ್ರ.

ಕೊನೆಗೆ, ನನ್ನನ್ನು ಇದನ್ನು ಬರೆಯಲು ಕೂರಿಸಿದ ವಿಷಯ, ಕಣ್ಣು. ಯಂತ್ರದ ಜೊತೆ ಮಾರಿದವರು ಕೊಟ್ಟ ಕನ್ನಡಕದ ಮೇಲೆ ಅಲೆಯುದ್ದವೂ ಇರಲಿಲ್ಲ, ಎಷ್ಟು ಬೆಳಕು ತಡೆಯುತ್ತದೆಂದು ಹೇಳುವ ಓ.ಡಿ. ಅಂಕಿಯೂ ಇರಲಿಲ್ಲ. ಬರಿಯ ಹಸಿರು ಪ್ಲಾಸ್ಟಿಕ್. ಓ.ಡಿ. 7 ಎಂದರೆ ಬಿದ್ದ ಬೆಳಕಿನ ಒಂದು ಕೋಟಿಯಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆಂದು ಅರ್ಥ. 1080 ನ್ಯಾನೋಮೀಟರಿಗೆ ಆ ಅಂಕಿ ಮುದ್ರಿಸಿರುವ ಕನ್ನಡಕವನ್ನೇ ಕೊಳ್ಳಬೇಕು, ಕಡ್ಡಿ ವೆಲ್ಡಿಂಗಿನ ಕಪ್ಪು ಗಾಜು ಇದಕ್ಕೆಂದು ಪರೀಕ್ಷಿಸಿದ್ದಲ್ಲ. ಈ ಬೆಳಕು ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಆದರೆ ಕಣ್ಣಿನ ಮಸೂರ ಅದನ್ನು ಹಾಯಿಸಿ ಒಳಪಟಲದ ಮೇಲೆ ಚುಕ್ಕೆಯಾಗಿ ಕೂಡಿಸುತ್ತದೆ. ನೋವೂ ಆಗುವುದಿಲ್ಲ, ಸುಟ್ಟ ಜಾಗ ಮರಳಿ ಬರುವುದಿಲ್ಲ. ಹೊಳೆಯುವ ತಗಡಿನಿಂದ ತಪ್ಪಿದ ಕಿರಣ ರಸ್ತೆಯ ಆಚೆ ಬದಿಯವರೆಗೂ ಅಪಾಯಕಾರಿ.

ಮನುಷ್ಯರನ್ನು ಶಾಶ್ವತವಾಗಿ ಕುರುಡಾಗಿಸುವುದಕ್ಕೆಂದೇ ಮಾಡಿದ ಲೇಸರ್ ಅಸ್ತ್ರಗಳನ್ನು ನಿಷೇಧಿಸುವ ಒಪ್ಪಂದಕ್ಕೆ ದೇಶಗಳು 1995ರಲ್ಲಿ ವಿಯೆನ್ನಾದಲ್ಲಿ ಬಂದವು. 1998ರಲ್ಲಿ ಅದು ಜಾರಿಗೂ ಬಂತು, ಭಾರತವೂ ಅದನ್ನು ಒಪ್ಪಿಕೊಂಡಿದೆ. ಯುದ್ಧಭೂಮಿಯಲ್ಲಿ ಶತ್ರುವಿನ ಕಣ್ಣಿಗೂ ಇಷ್ಟು ಬೆಲೆ ಕೊಟ್ಟಿರುವಾಗ, ರಸ್ತೆಬದಿಯ ಅಂಗಡಿಯ ಮುಂದೆ ಶಾಲೆಗೆ ಹೋಗುವ ಮಕ್ಕಳ ಕಣ್ಣೆತ್ತರದಲ್ಲಿ, ಬಾಗಿಲು ತೆರೆದಿಟ್ಟು ಇದೇ ಬೆಳಕನ್ನು ಹಾರಿಸುವುದನ್ನು ಹೆದ್ದಾರಿಯ ಬದಿಯಲ್ಲಿ ಕಂಡಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಇಳಿದು ಹೋಗಿ ಹೇಳಿದ್ದೇನೆ. "ಅಣ್ಣಾ, ಯಂತ್ರ ಕೊಟ್ಟವರು ಹೇಳಲೇ ಇಲ್ಲ" ಎಂದ ಹುಡುಗನ ಮುಖದಲ್ಲಿ ಸುಳ್ಳಿರಲಿಲ್ಲ.

ನನ್ನ ಕೋಣೆಗೆ ನಾಲ್ಕೂ ಕಡೆ ಕಬ್ಬಿಣದ ತಗಡಿನ ಗೋಡೆ, ಒಳಗೆ ಮಂಕು ಕಪ್ಪು ಬಣ್ಣ, ಕಿಟಕಿ ಇಲ್ಲ. ಬಾಗಿಲಿಗೆ ಸ್ವಿಚ್ ಜೋಡಿಸಿದ್ದೇನೆ, ಬಾಗಿಲು ತೆರೆದರೆ ಕಿರಣ ನಿಲ್ಲುತ್ತದೆ. ಯಂತ್ರದಲ್ಲೇ ಬರುವ ಕ್ಲಿಪ್ಪಿನ ವ್ಯವಸ್ಥೆ, ಅಂದರೆ ಮೂತಿ ಲೋಹಕ್ಕೆ ತಾಗಿದರೆ ಮಾತ್ರ ಕಿರಣ ಹೊರಡುವಂಥದ್ದು, ಅದನ್ನು ಅವಸರಕ್ಕೆ ತಂತಿ ಸುತ್ತಿ ತಪ್ಪಿಸುವವರಿದ್ದಾರೆ. ನನ್ನಲ್ಲಿ ಹಾಗೆ ಮಾಡಿದವರಿಗೆ ಮಾರನೆಯ ದಿನ ಕೆಲಸವಿಲ್ಲ. ಕೋಣೆಗೂ ಎ.ಸಿ.ಗೂ ಕನ್ನಡಕಕ್ಕೂ ಆದ ಖರ್ಚನ್ನು ಯಂತ್ರದ ಬೆಲೆಗೆ ಮೊದಲೇ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಬ್ಯಾಂಕಿಗೆ ಹೋಗಿ.

ಅಂಕೋಲಾ, ಕುಮಟಾ, ಹೊನ್ನಾವರ ಕಡೆಯಲ್ಲಿ ಕೊಳ್ಳಬೇಕೆಂದಿರುವವರು ಬೇಕಾದರೆ ನಮ್ಮಲ್ಲಿಗೆ ಬನ್ನಿ. ನಿಮ್ಮದೇ ತಗಡು ತನ್ನಿ, ನಿಮ್ಮ ಕೈಯಲ್ಲೇ ಒಂದು ಜೋಡಣೆ ಹಾಕಿ ನೋಡಿ. ಕನ್ನಡಕ ನಾನು ಕೊಡುತ್ತೇನೆ. ಜೂನ್, ಜುಲೈನಲ್ಲೇ ಬಂದರೆ ಒಳ್ಳೆಯದು. ಬೇಸಿಗೆಯಲ್ಲಿ ನೋಡಿದರೆ ಎಲ್ಲ ಚಿಲ್ಲರೂ ಒಳ್ಳೆಯದೇ ಅನಿಸುತ್ತದೆ.